ಮಾರ್ಫಿನ್ ಕೊಟ್ಟರೆ ಅಮ್ಮನಿಗೆ ಚಟ ಆಗುತ್ತಾ?

ಪ್ರಶ್ನೆ: ಅಮ್ಮನಿಗೆ ಬಾಯಿ ಕ್ಯಾನ್ಸರ್. ನೋವಿಗೆ ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಚಟ ಹತ್ತುತ್ತೆ ಅಂತ ನೆಂಟರು ಹೆದರಿಸುತ್ತಿದ್ದಾರೆ. ತೀರಾ ತಡೆಯೋಕಾಗದಾಗ ಮಾತ್ರ ಕೊಟ್ಟರೆ ಸಾಕಲ್ವಾ?
– ಓದುಗರು, ಶ್ರೀನಿವಾಸಪುರ, ಕೋಲಾರ ಜಿಲ್ಲೆ

ಸಾಲದು. ಕ್ಯಾನ್ಸರ್ ನೋವಿಗೆ ಡಾಕ್ಟರು ಹೇಳಿದಷ್ಟೇ ಕೊಟ್ಟರೆ ಚಟ ಹತ್ತುವುದು ಅಪರೂಪ. ಮೈ ಔಷಧಿಗೆ ಒಗ್ಗಿಕೊಳ್ಳುತ್ತದೆ, ಅದಕ್ಕೇ ದಿಢೀರ್ ಅಂತ ನಿಲ್ಲಿಸಬಾರದು. ಅಷ್ಟೇ. ನೆಂಟರು ಹೇಳಿ ಹೋಗುತ್ತಾರೆ, ರಾತ್ರಿಯೆಲ್ಲಾ ನರಳುವವರು ನಿಮ್ಮ ಅಮ್ಮ.

ಸಾದಾ ಮಾರ್ಫಿನ್ ಮಾತ್ರೆ ಕೆಲಸ ಮಾಡುವುದು ಸುಮಾರು 4 ಗಂಟೆ. ಹಾಗಾಗಿ ನೋವಿರಲಿ, ಇಲ್ಲದಿರಲಿ, ಚೀಟಿಯಲ್ಲಿ ಬರೆದ ಹೊತ್ತಿಗೇ ಕೊಡಿ. ಕ್ಯಾನ್ಸರ್ ನೋವಿಗೆ ಔಷಧಿಯನ್ನು ಗಡಿಯಾರ ನೋಡಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ನೋವು ಏರಿದ ಮೇಲೆ ಇಳಿಸುವುದು ಕಷ್ಟ. ನಡುವೆ ನೋವು ಬಂದರೆ ಎಷ್ಟು ಕೊಡಬೇಕು ಅಂತ ಮೊದಲೇ ಕೇಳಿ ಬರೆಸಿಕೊಳ್ಳಿ.

ಇಲ್ಲಿ ನರ್ಸ್ ಕೈಗುಣ ದೊಡ್ಡದು. ಡಾಕ್ಟರು ಕೇಳಿದರೆ ನಮ್ಮ ಕಡೆ ಹೆಂಗಸರು "ಪರವಾಗಿಲ್ಲ ಸಾರ್" ಅಂದುಬಿಡುತ್ತಾರೆ. ಅನುಭವ ಇರುವ ಸಿಸ್ಟರ್ ಆ ಮಾತು ನಂಬುವುದಿಲ್ಲ. ನೋವನ್ನು ಸೊನ್ನೆಯಿಂದ 10ರಲ್ಲಿ ಅಳೆಯುವ ಲೆಕ್ಕ ಅಮ್ಮನಿಗೆ ತಿಳಿಯದಿದ್ದರೆ, "ತಡೆಯೋಕೇ ಆಗದ ನೋವು ಒಂದು ರೂಪಾಯಿ ಅಂತಿಟ್ಕೊಳ್ಳಿ ಅಮ್ಮ, ಈಗ ಎಷ್ಟಾಣೆ ಇದೆ?" ಅಂತ ಕೇಳಬಹುದು. "ಹನ್ನೆರಡಾಣೆ" ಅಂದರೆ ಡೋಸ್ ಸಾಲುತ್ತಿಲ್ಲ. ಮನೆಯಲ್ಲಿ ನೀವೂ ಹೀಗೇ ಕೇಳಿ. ಮಾತ್ರೆ ಕೊಟ್ಟ ಹೊತ್ತು, ಆಗಿನ ನೋವು, ಒಂದು ಗಂಟೆ ಆದಮೇಲಿನ ನೋವು, ಮೂರನ್ನೂ ಹಳೇ ನೋಟ್‌ಬುಕ್‌ನಲ್ಲಿ ಬರೆದಿಡಿ. ಡೋಸ್ ಏರಿಸಬೇಕೋ ಬೇಡವೋ ಅಂತ ಡಾಕ್ಟರಿಗೆ ಅದರಿಂದಲೇ ಗೊತ್ತಾಗುತ್ತದೆ.

ಬಾಯಿ ಹುಣ್ಣಿನಿಂದ ನುಂಗಲು ಆಗದಿದ್ದರೆ ಸಾದಾ ಮಾತ್ರೆಯನ್ನು ಪುಡಿ ಮಾಡಿ ನೀರಲ್ಲಿ ಕೊಡಬಹುದು. ನಿಧಾನವಾಗಿ ಕರಗುವ ಮಾತ್ರೆಯನ್ನು ಮಾತ್ರ ಪುಡಿ ಮಾಡಲೇಬೇಡಿ, ಇಡೀ ಡೋಸ್ ಒಟ್ಟಿಗೆ ಮೈಗೆ ಸೇರಿ ಅಪಾಯವಾಗುತ್ತದೆ. ನಿಮ್ಮದು ಯಾವುದು ಅಂತ ಸಿಸ್ಟರ್‌ಗೆ ತೋರಿಸಿ. ಗಾಯ ವಾಸನೆ ಬರುತ್ತಿದ್ದರೆ ಅದನ್ನೂ ನಾಚದೆ ಹೇಳಿ, ಅದಕ್ಕೂ ಔಷಧಿ ಇದೆ.

ಮಲಬದ್ಧತೆ ಮಾತ್ರ ಬಂದೇ ಬರುತ್ತದೆ ಅನ್ನಿ. ಮಲ ಸಡಿಲಿಸುವ ಮಾತ್ರೆಯನ್ನೂ ಮೊದಲ ದಿನವೇ ಬರೆಸಿಕೊಳ್ಳಿ. ವಾಕರಿಕೆ, ತೂಕಡಿಕೆ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತವೆ. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಮಾರ್ಫಿನ್ ಎಲ್ಲಾ ಮೆಡಿಕಲ್ ಶಾಪ್‌ನಲ್ಲಿ ಸಿಗುವುದಿಲ್ಲ. 2014ರಲ್ಲಿ ಮಾದಕ ವಸ್ತು ಕಾನೂನು ಸಡಿಲವಾದರೂ ಹೆಚ್ಚಾಗಿ ಮಾನ್ಯತೆ ಪಡೆದ ಆಸ್ಪತ್ರೆಗಳಿಂದಲೇ ತರಬೇಕಾಗುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡುವ ಮುಂಚೆ ಕೋಲಾರದ ಜಿಲ್ಲಾಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿ. ಮಾತ್ರೆ ಒಂದು ವಾರಕ್ಕಾಗುವಷ್ಟು ಉಳಿದಿರುವಾಗಲೇ ಹೊರಡಿ.