ಪ್ರಾಜೆಕ್ಟ್ ಬಂತು, ಫೈಲ್ ನೋಡೋರು ಯಾರು?

ಮಾರ್ಚ್ ಮುಗಿಯುವ ಹೊತ್ತಿಗೆ ವಿಶ್ವವಿದ್ಯಾಲಯದ ಹಣಕಾಸು ವಿಭಾಗಕ್ಕೆ ಒಮ್ಮೆ ಹೋಗಿ ನೋಡಿ. ಫೈಲ್ ಹಿಡಿದ ಒಬ್ಬಿಬ್ಬರು ಮೇಷ್ಟ್ರು ಬಾಗಿಲ ಹತ್ತಿರ ನಿಂತಿರುತ್ತಾರೆ. ಫೈಲಿನಲ್ಲಿರೋದು ಯುಸಿ, ಅಂದರೆ ಸಂಶೋಧನಾ ಪ್ರಾಜೆಕ್ಟ್‌ಗೆ ಸರ್ಕಾರ ಕೊಟ್ಟ ಹಣ ಬಳಕೆಯ ಪ್ರಮಾಣಪತ್ರ. ಕೇಂದ್ರದ ಹಣಕಾಸು ನಿಯಮಗಳಲ್ಲಿರುವ (ಜಿಎಫ್‌ಆರ್) ಈ ನಮೂನೆಯ ಹೆಸರು ಜಿಎಫ್‌ಆರ್ 12-ಎ. ಹಿಂದಿನ ಸಾಲಿನ ಉಳಿಕೆ ಎಷ್ಟು, ಈ ಸಲ ಬಂದದ್ದೆಷ್ಟು, ಬಡ್ಡಿ ಎಷ್ಟು, ಖರ್ಚೆಷ್ಟು ಅಂತ ಸಾಲಾಗಿ ತುಂಬಬೇಕು. ಪ್ರಾಜೆಕ್ಟ್ ನಡೆಸುವವರ ಸಹಿ ಆದರೆ ಸಾಲದು. ಹಣಕಾಸು ಅಧಿಕಾರಿಯದ್ದೂ, ಸಂಸ್ಥೆಯ ಮುಖ್ಯಸ್ಥರದ್ದೂ ಬೇಕು. ಅಂಕಿ ತಾಳೆಯಾಗದಿದ್ದರೆ ಕಾಗದ ವಾಪಸ್ ಬರುತ್ತದೆ. ಯುಸಿ ಹೋಗದಿದ್ದರೆ ಮುಂದಿನ ಕಂತು ಬರೋಲ್ಲ. ಕಂತು ಬರದಿದ್ದರೆ ಲ್ಯಾಬಿನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕಿ) ಆಗಿರುವ ಹುಡುಗಿಗೆ ಆ ತಿಂಗಳ ಫೆಲೋಶಿಪ್ ಇಲ್ಲ.

ಜೀವಶಾಸ್ತ್ರ ಓದಿದವರಿಗೆ ಈ ಲೆಕ್ಕವನ್ನು ಯಾರೂ ಕಲಿಸಿರುವುದಿಲ್ಲ. ಇದು ಅವರ ತಪ್ಪಲ್ಲ. ನಮ್ಮಲ್ಲಿ ಹಣ ಕೊಡುವ ಸಂಸ್ಥೆಗಳು ಒಂದಾದ ಮೇಲೊಂದು ಹುಟ್ಟಿದವು. ಆ ಹಣ ಕೇಳೋದು ಹೇಗೆ, ಖರ್ಚು ಮಾಡೋದು ಹೇಗೆ, ಲೆಕ್ಕ ಒಪ್ಪಿಸೋದು ಹೇಗೆ ಅಂತ ಪಕ್ಕದಲ್ಲಿ ಕೂತು ಹೇಳುವವರು ಮಾತ್ರ ತೀರಾ ತಡವಾಗಿ ಬಂದರು.

1942ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ, ಅಂದರೆ ಸಿಎಸ್‌ಐಆರ್ ಬಂತು. 1956ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗಕ್ಕೆ (ಯುಜಿಸಿ) ಕಾಯ್ದೆಯ ಬಲ ಸಿಕ್ಕಿತು. 1971ರಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, 1986ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ ಶುರುವಾದವು. ನಮ್ಮ ಕಾಲೇಜು ಅಧ್ಯಾಪಕರಿಗೆ ಬಹಳ ಕಾಲ ಮೊದಲ ಮೆಟ್ಟಿಲು ಅಂದರೆ ಯುಜಿಸಿಯ ಮೈನರ್ ಪ್ರಾಜೆಕ್ಟ್. ಅದರ ಅರ್ಜಿ ಬೆಂಗಳೂರಿನ ಪ್ರಾದೇಶಿಕ ಕಚೇರಿಗೆ ಹೋಗುತ್ತಿತ್ತು. ಮೊತ್ತ ಸಣ್ಣದು. ಆದರೂ ಬಜೆಟ್ ಬರೆಯೋದು, ಬಿಲ್ ಜೋಡಿಸೋದು, ಯುಸಿ ಕಳಿಸೋದು, ಎಲ್ಲವನ್ನೂ ಎಷ್ಟೋ ಜನ ಅಲ್ಲೇ ಕಲಿತರು. ಕಲಿಸಿದವರು ಮೊದಲೇ ಪ್ರಾಜೆಕ್ಟ್ ಮಾಡಿದ್ದ ಸೀನಿಯರ್‌ಗಳು, ಇಲ್ಲವೇ ಅನುಭವಸ್ಥ ಗುಮಾಸ್ತರು. ಅವರು ನಿವೃತ್ತರಾದರೆ ಆ ವಿದ್ಯೆಯೂ ಅವರ ಜೊತೆಗೇ ಹೋಯಿತು ಅಂತಲೇ ಲೆಕ್ಕ.

ಅಮೆರಿಕದಲ್ಲಿ ಸಂಶೋಧನಾ ಅನುದಾನದ ಕಾಗದಪತ್ರ ನೋಡಿಕೊಳ್ಳುವವರು 1959ರಲ್ಲೇ ತಮ್ಮದೇ ಸಂಘ ಕಟ್ಟಿಕೊಂಡಿದ್ದರು. ಇಲ್ಲಿ ಇದೊಂದು ವೃತ್ತಿ ಅನ್ನುವ ಯೋಚನೆಯೇ ಇರಲಿಲ್ಲ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಂಥ ಕೆಲವೇ ಕಡೆ ಅನುದಾನದ ಕೆಲಸಕ್ಕೆಂದೇ ಕಚೇರಿಗಳು ತಲೆಯೆತ್ತಿದವು. 2018ರಲ್ಲಿ ಆರೋಗ್ಯ ಸಂಶೋಧನೆಗೆ ಹಣ ಕೊಡುವ ಇಂಡಿಯಾ ಅಲಯನ್ಸ್ ಸಂಸ್ಥೆ ಸಂಶೋಧನಾ ನಿರ್ವಹಣೆಗೆಂದೇ ಒಂದು ಕಾರ್ಯಕ್ರಮ ಶುರುಮಾಡಿತು. ಪ್ರತಿ ವಿಶ್ವವಿದ್ಯಾಲಯದಲ್ಲೂ ಸಂಶೋಧನೆ ಮತ್ತು ಅಭಿವೃದ್ಧಿ ಕೋಶ ಇರಬೇಕೆಂದು ಯುಜಿಸಿ ಮಾರ್ಗಸೂಚಿ ತಂದದ್ದು 2022ರಲ್ಲಿ. ಸಿಎಸ್‌ಐಆರ್ ಹುಟ್ಟಿ ಆಗಲೇ 80 ವರ್ಷ ಆಗಿತ್ತು!

ಅಷ್ಟರಲ್ಲಿ ನಿಯಮಗಳು ಸುಮ್ನೆ ಕೂತಿರಲಿಲ್ಲ. 2017ರ ಹೊಸ ಹಣಕಾಸು ನಿಯಮಗಳಲ್ಲಿ ಸರ್ಕಾರದ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್‌ನಿಂದಲೇ ಖರೀದಿಸಬೇಕು ಅಂತಾಯಿತು. ಕುರ್ಚಿ, ಕಂಪ್ಯೂಟರ್ ಕೊಳ್ಳೋದಕ್ಕೆ ಅದು ಸರಿ. ಆದರೆ ಮೈನಸ್ 20 ಡಿಗ್ರಿಯಲ್ಲಿಡಬೇಕಾದ ಒಂದು ಎನ್‌ಝೈಮ್ ತರಿಸುವವರ ಕಷ್ಟ ಬೇರೆ. ಅವರಿಗೆ ಬೇಕಾದದ್ದು ಇಂಥದ್ದೇ ಕಂಪನಿಯ, ಇಂಥದ್ದೇ ಶುದ್ಧತೆಯ ಪುಟ್ಟ ಶೀಶೆ. ಕಡಿಮೆ ಬೆಲೆಗೆ ಬೇರೆ ಯಾವುದೋ ಬಂದರೆ ಮೂರು ತಿಂಗಳ ಪ್ರಯೋಗ ಮತ್ತೆ ಮೊದಲಿಂದ ಆಗಬೇಕು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಸರ್ಕಾರಿ ಖರೀದಿಯ ಪಾರದರ್ಶಕತೆಗೆಂದು ತಂದ 1999ರ ಕೆಟಿಪಿಪಿ ಕಾಯ್ದೆಯೂ ಇದೆ. ಹಣ ಕೇಂದ್ರದ್ದು, ಸಂಸ್ಥೆ ರಾಜ್ಯದ್ದು. ಎರಡೂ ಕಡೆಯ ನಿಯಮ ಬಲ್ಲವರೊಬ್ಬರು ಬೇಕೇ ಬೇಕು ಅಲ್ವಾ?

ಹಣ ಬರುವ ದಾರಿಯೂ ಬದಲಾಯಿತು. ಮೊದಲು ಕಂತು ವಿಶ್ವವಿದ್ಯಾಲಯದ ಖಾತೆಗೆ ಬಂದು ಕೂರುತ್ತಿತ್ತು. 2022ರಿಂದ ಈಚೆಗೆ ಝೀರೋ ಬ್ಯಾಲೆನ್ಸ್ ಖಾತೆಗಳು ಬಂದವು. ಖರ್ಚಿಗೆ ಮಿತಿ ಕೊಡುತ್ತಾರೆ, ಹಣ ಸರ್ಕಾರದ ಕಡೆಯೇ ಇರುತ್ತದೆ. ಸಾರ್ವಜನಿಕರ ದುಡ್ಡು ಬ್ಯಾಂಕಿನಲ್ಲಿ ಸುಮ್ನೆ ಕೊಳೆಯಬಾರದು ಅನ್ನೋದು ನ್ಯಾಯವಾದ ಮಾತೇ. ಆದರೆ ಮಾರ್ಚ್ 31ಕ್ಕೆ ಬಳಸದ ಮಿತಿ ರದ್ದಾಗುತ್ತದೆ. ಪ್ರಯೋಗಗಳು ಮಾರ್ಚ್ 31ಕ್ಕೆ ಮುಗಿಯೋದಿಲ್ಲ.

ಇದರ ಪೆಟ್ಟು ಯಾರಿಗೆ ಜಾಸ್ತಿ ಬಿತ್ತು? ದೊಡ್ಡ ಸಂಸ್ಥೆಗಳಲ್ಲಿ ಈ ಕೆಲಸಕ್ಕೇ ಒಂದು ವಿಭಾಗ, ಒಬ್ಬ ಡೀನ್ ಇರುತ್ತಾರೆ. ಜಿಲ್ಲಾ ಕೇಂದ್ರದ ವಿಶ್ವವಿದ್ಯಾಲಯದ ಮೇಷ್ಟ್ರಿಗೆ ಅಂಥ ಬೆನ್ನಾಸರೆ ಇಲ್ಲ. ಸಂಶೋಧನೆಗೆ ಅನುದಾನ ಕೊಡುತ್ತಿದ್ದ ಕೇಂದ್ರದ ಮಂಡಳಿ ಎಸ್‌ಇಆರ್‌ಬಿ ಕೊಟ್ಟ ಹಣದಲ್ಲಿ ಸುಮಾರು ಶೇ. 65 ಐಐಟಿಗಳಿಗೆ ಹೋಗಿದೆ, ರಾಜ್ಯ ವಿಶ್ವವಿದ್ಯಾಲಯಗಳಿಗೆ ಸಿಕ್ಕಿದ್ದು ಶೇ. 11 ಅಷ್ಟೇ ಅಂತ 2023ರಲ್ಲಿ ಸರ್ಕಾರದ ಕಡೆಯಿಂದಲೇ ಮಾತು ಬಂತು. ಇದಕ್ಕೆ ಲ್ಯಾಬು, ಉಪಕರಣಗಳ ಕೊರತೆಯೂ ಕಾರಣ. ಆದರೆ ಫೈಲ್ ನೋಡುವವರಿಲ್ಲದ್ದು ಸಣ್ಣ ಕಾರಣವಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಅದೇ ವರ್ಷ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಕಟ್ಟುವ ಎಎನ್‌ಆರ್‌ಎಫ್ ಕಾಯ್ದೆ ಬಂತು, ಎಸ್‌ಇಆರ್‌ಬಿ ಅದರಲ್ಲಿ ಸೇರಿಹೋಯಿತು. ಐದು ವರ್ಷಕ್ಕೆ ₹50,000 ಕೋಟಿ ಅಂದರು. ಅದರಲ್ಲಿ ₹36,000 ಕೋಟಿ ಸರ್ಕಾರದ ಹೊರಗಿನಿಂದ ಬರಬೇಕು. ದೊಡ್ಡ ಸಂಸ್ಥೆಯೊಂದು ಹಲವು ವಿಶ್ವವಿದ್ಯಾಲಯಗಳನ್ನು ಕೈಹಿಡಿದು ನಡೆಸುವ 'ಪೇರ್' ಯೋಜನೆಯೂ ಶುರುವಾಯಿತು. 2025ರ ಜೂನ್‌ನಲ್ಲಿ ಖರೀದಿ ನಿಯಮ ಸಡಿಲಿಸಿದರು. ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಏರಿತು. ಜೆಮ್ ಬಿಟ್ಟು ಹೊರಗೆ ಕೊಳ್ಳಲು ಕುಲಪತಿ, ನಿರ್ದೇಶಕರೇ ಒಪ್ಪಿಗೆ ಕೊಡಬಹುದು ಅಂತಾಯಿತು. ಆ ಎನ್‌ಝೈಮ್ ಶೀಶೆಗೆ ಕಾಯುವವರಿಗೆ ಇದು ನಿಜಕ್ಕೂ ದೊಡ್ಡ ಸುದ್ದಿ.

ಆದರೆ ಸುದ್ದಿ ಅವರಿಗೆ ತಲುಪಬೇಕಲ್ಲ. ಅದನ್ನು ಓದಿ, ಹಣಕಾಸು ವಿಭಾಗಕ್ಕೆ ತಿಳಿಸಿ, ಹಳೇ ಸುತ್ತೋಲೆ ಬದಲಿಸಿ, ಅಧ್ಯಾಪಕರಿಗೆ ಒಂದು ದಿನದ ತರಬೇತಿ ಕೊಡೋದು ಯುಜಿಸಿ ಹೇಳಿದ ಆ ಸಂಶೋಧನೆ ಮತ್ತು ಅಭಿವೃದ್ಧಿ ಕೋಶದ ಕೆಲಸ. ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ, ಪ್ರಾಧ್ಯಾಪಕರು 14 ಗಂಟೆ ಪಾಠ ಮಾಡಬೇಕು ಅನ್ನುತ್ತದೆ ಯುಜಿಸಿ ನಿಯಮ. ಕೋಶದ ಹೊಣೆ ಅವರಲ್ಲೇ ಒಬ್ಬರ ಹೆಗಲಿಗೆ ಹೆಚ್ಚುವರಿಯಾಗಿ ಬಿದ್ದರೆ ಅದು ಬೋರ್ಡಾಗಿ ಉಳಿಯುತ್ತದೆ ಅಷ್ಟೇ. ಒಬ್ಬ ಪೂರ್ಣಾವಧಿ ಸಂಶೋಧನಾ ಅಧಿಕಾರಿ, ಯುಸಿ ಬರೆಯಬಲ್ಲ ಒಬ್ಬ ಲೆಕ್ಕಿಗ. ಪ್ರತಿ ರಾಜ್ಯ ವಿಶ್ವವಿದ್ಯಾಲಯಕ್ಕೂ ಮೊದಲು ಬೇಕಿರುವುದು ಈ ಎರಡು ಹುದ್ದೆ.