ಮಂಡಿ ಹಿಂದಿನ ನಕ್ಷೆ ಎಲ್ಲರದ್ದೂ ಒಂದೇ ಅಲ್ಲ

ಕೊಡಗಿನಲ್ಲಿ ಮೀನಖಂಡದ ನೋವು ಅಂತ ಬರುವ ಹರೆಯದವರಲ್ಲಿ ಎರಡು ಗುಂಪು ಜಾಸ್ತಿ. ಬೇಸಿಗೆಯಲ್ಲಿ ಕುಟುಂಬದ ಹಾಕಿ ಪಂದ್ಯ ಆಡುವವರು. ಸೇನಾ ಭರ್ತಿ ಹತ್ತಿರ ಬಂದಾಗ 1.6 ಕಿ.ಮೀ. ಓಟಕ್ಕೆ ತಯಾರಾಗುವವರು. ಹೆಚ್ಚಿನವರದ್ದು ಬರೀ ಸ್ನಾಯು ಸೆಳೆತ, ವಿಶ್ರಾಂತಿ ಕೊಟ್ಟರೆ ಹೋಗುತ್ತದೆ.

ಒಂದು ಬಗೆಯ ನೋವನ್ನು ಮಾತ್ರ ನಾನು ಹಾಗೆ ಬಿಡುವುದಿಲ್ಲ. ಸ್ವಲ್ಪ ದೂರ ಓಡಿದ ಮೇಲೆ ಮೀನಖಂಡ ಹಿಡಿದುಕೊಳ್ಳುತ್ತದೆ. ನಿಂತರೆ ಕೆಲವೇ ನಿಮಿಷದಲ್ಲಿ ಬಿಡುತ್ತದೆ. ಮತ್ತೆ ಓಡಿದರೆ ಹೆಚ್ಚು ಕಡಿಮೆ ಅಷ್ಟೇ ದೂರಕ್ಕೆ ಮತ್ತೆ ಹಿಡಿಯುತ್ತದೆ. ಬೀಡಿ ಸೇದುವ ಅಜ್ಜನೊಬ್ಬ ಹೀಗೆ ಹೇಳಿದರೆ ರಕ್ತನಾಳ ಕಟ್ಟಿದೆಯಾ ಅಂತ ಡಾಕ್ಟರು ಕೂಡಲೇ ನೋಡುತ್ತಾರೆ. ಇಪ್ಪತ್ತರ ಹುಡುಗ ಹೇಳಿದರೆ ಮುಲಾಮು ಬರೆದು ಕಳಿಸುವುದೇ ಹೆಚ್ಚು.

ಮಂಡಿಯ ಹಿಂದೆ ಒಂದು ಹಳ್ಳ ಇದೆ ಅಲ್ವಾ? ಕಾಲಿಗೆ ರಕ್ತ ಒಯ್ಯುವ ಮುಖ್ಯ ಧಮನಿ ಅಲ್ಲಿ ಮೂಳೆಗೆ ಹತ್ತಿರವಾಗಿ, ಆಳದಲ್ಲಿ ಇಳಿಯುತ್ತದೆ. ಮೀನಖಂಡದ ದೊಡ್ಡ ಸ್ನಾಯುವಿಗೆ ಎರಡು ತಲೆಗಳು, ಒಳಬದಿಗೊಂದು, ಹೊರಬದಿಗೊಂದು. ಧಮನಿ ಇವೆರಡರ ನಡುವೆ ಹಾದು ಹೋಗಬೇಕು. ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಒಳಬದಿಯ ತಲೆ ತನ್ನ ಜಾಗಕ್ಕೆ ಸರಿಯುತ್ತಾ ಬರುತ್ತದೆ. ಧಮನಿಯೂ ಅದೇ ಹೊತ್ತಿಗೆ ರೂಪ ಪಡೆಯುತ್ತಿರುತ್ತದೆ. ಈ ಎರಡರ ಹೊಂದಾಣಿಕೆ ತಪ್ಪಿದರೆ ಧಮನಿ ಒಳಬದಿಯ ತಲೆಯನ್ನು ಸುತ್ತಿಕೊಂಡು ಹೋಗಬಹುದು. ಇಲ್ಲವೇ ಸ್ನಾಯುವಿನ ಹೆಚ್ಚುವರಿ ಎಳೆಯೊಂದು ಅದನ್ನು ಒತ್ತಬಹುದು. ಸುಮ್ಮನೆ ಕೂತಾಗ ಏನೂ ಗೊತ್ತಾಗದು. ಓಡುವಾಗ ಸ್ನಾಯು ಬಿಗಿಯುತ್ತದೆ, ಧಮನಿಯನ್ನು ಅಮುಕುತ್ತದೆ. ತೋಟದಲ್ಲಿ ಸ್ಪ್ರಿಂಕ್ಲರ್ ಪೈಪಿನ ಮೇಲೆ ಜೀಪು ನಿಲ್ಲಿಸಿದ ಹಾಗೆ.

ಇದಕ್ಕೆ ಪಾಪ್ಲಿಟಿಯಲ್ ಆರ್ಟರಿ ಎಂಟ್ರಾಪ್‌ಮೆಂಟ್ ಅನ್ನುತ್ತಾರೆ, ಅಂದರೆ ಮಂಡಿ ಹಿಂದಿನ ಧಮನಿ ಸಿಕ್ಕಿಹಾಕಿಕೊಳ್ಳುವುದು. ಇದನ್ನು ಮೊದಲು ಬರೆದಿಟ್ಟವನು ಎಡಿನ್‌ಬರೋದ ವೈದ್ಯ ವಿದ್ಯಾರ್ಥಿ ಆಂಡರ್ಸನ್ ಸ್ಟುವರ್ಟ್, 1879ರಲ್ಲಿ, ಕತ್ತರಿಸಿ ತೆಗೆದ ಕಾಲೊಂದನ್ನು ಬಿಡಿಸಿ ನೋಡುವಾಗ. ಮೊದಲ ಶಸ್ತ್ರಚಿಕಿತ್ಸೆಯ ವರದಿ ಬಂದದ್ದು 1959ರಲ್ಲಿ, ನೆದರ್‌ಲ್ಯಾಂಡ್ಸ್‌ನಿಂದ. ರೋಗಿ 12 ವರ್ಷದ ಹುಡುಗ.

ಪತ್ತೆ ಹಚ್ಚಲು ಪಾದದ ನಾಡಿ ಹಿಡಿದು ನೋಡುತ್ತೇವೆ. ಮಂಡಿ ನೇರ ಇಟ್ಟು, ಪಾದವನ್ನು ಕೆಳಕ್ಕೆ ಬಲವಾಗಿ ಒತ್ತಲು ಹೇಳುತ್ತೇವೆ. ಆಗ ನಾಡಿ ಮಾಯವಾದರೆ ಅನುಮಾನ. ಅನುಮಾನ ಅಷ್ಟೇ, ಏಕೆಂದರೆ ಏನೂ ತೊಂದರೆ ಇಲ್ಲದವರಲ್ಲೂ ಕೆಲವೊಮ್ಮೆ ಹೀಗಾಗುತ್ತದೆ. ಡಾಪ್ಲರ್ (ರಕ್ತದ ಹರಿವು ತೋರಿಸುವ ಸ್ಕ್ಯಾನ್), ಎಂಆರ್‌ಐ ಮಾಡಿಸಿಯೇ ನಿರ್ಧಾರ. ಒಂದೇ ಕಾಲು ನೋಯುತ್ತಿದ್ದರೂ ಎರಡನ್ನೂ ನೋಡಬೇಕು. ಇನ್ನೊಂದರಲ್ಲೂ ಇದೇ ಇರುವುದುಂಟು.

ಎಲ್ಲ ವ್ಯತ್ಯಾಸವೂ ರೋಗವಲ್ಲ, ಇದನ್ನೂ ಹೇಳಿಬಿಡುತ್ತೇನೆ. ಮೀನಖಂಡದಲ್ಲಿ ಪ್ಲಾಂಟಾರಿಸ್ ಅಂತ ಇರುವ ಒಂದು ಸಣ್ಣ ಸ್ನಾಯು ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ. ಅವರ ಓಟಕ್ಕೇನೂ ಕೊರತೆಯಿಲ್ಲ. ಅದರ ಉದ್ದನೆಯ ದಾರದಂಥ ಸ್ನಾಯುರಜ್ಜುವನ್ನು ಮೊದಲ ವರ್ಷದ ವಿದ್ಯಾರ್ಥಿಗಳು ನರ ಅಂದುಕೊಳ್ಳುವುದು ಹಳೇ ತಮಾಷೆ.

ಇನ್ನು ಕೆಲವು ವ್ಯತ್ಯಾಸಗಳಿಂದ ತಲೆನೋವು ರೋಗಿಗಲ್ಲ, ಸರ್ಜನ್‌ಗೆ. ಮೀನಖಂಡದ ಹಿಂದೆ ಚರ್ಮದಡಿ ಮೇಲೇರುವ ಸಣ್ಣ ಅಭಿಧಮನಿ (ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ) ಆಳದ ಅಭಿಧಮನಿಗೆ ಸೇರುವ ಎತ್ತರ ಒಬ್ಬೊಬ್ಬರಲ್ಲಿ ಒಂದೊಂದು. ಅದಕ್ಕೇ ಅಲ್ಲಿ ವೆರಿಕೋಸ್ ವೇನ್ (ಉಬ್ಬಿದ ಅಭಿಧಮನಿ) ಶಸ್ತ್ರಚಿಕಿತ್ಸೆಗೆ ಮೊದಲು ಡಾಪ್ಲರ್‌ನಲ್ಲಿ ನೋಡಿ ಗುರುತು ಹಾಕುವುದು. ಧಮನಿಯೂ ಕೆಲವರಲ್ಲಿ ಮಾಮೂಲಿಗಿಂತ ಮೇಲೆಯೇ ಕವಲೊಡೆಯುತ್ತದೆ. ಆಗ ಒಂದು ಕವಲು ಮೂಳೆಗೆ ಅಂಟಿದಂತೆ ಇಳಿಯಬಹುದು. ಮಂಡಿಯ ಕೆಳಗೆ ಮೂಳೆ ಕತ್ತರಿಸುವ ಸರ್ಜನ್‌ಗೆ ಇದರ ಎಚ್ಚರ ಇರಬೇಕು.

ಓಟಗಾರರ ವಿಷಯಕ್ಕೆ ಬಂದರೆ, ಬೇಗ ಗೊತ್ತಾದರೆ ಒತ್ತುವ ಸ್ನಾಯುವಿನ ಎಳೆ ಬಿಡಿಸಿದರೆ ಸಾಕಾಗುತ್ತದೆ. ವರ್ಷಗಟ್ಟಲೆ ಬಿಟ್ಟರೆ ಧಮನಿಯ ಗೋಡೆಯೇ ಹಾಳಾಗಿ ರಕ್ತ ಹೆಪ್ಪುಗಟ್ಟಬಹುದು. ಆಗ ರೋಗಿಯದೇ ಅಭಿಧಮನಿ ತೆಗೆದು ಬೈಪಾಸ್ ಮಾಡಬೇಕಾಗುತ್ತದೆ. ಹಾಗಾಗಿ ಡಾಕ್ಟರ ಹತ್ತಿರ ಹೋದಾಗ "ಕಾಲು ನೋವು" ಅಂತಷ್ಟೇ ಹೇಳಬೇಡಿ. ಎಷ್ಟು ದೂರಕ್ಕೆ ಹಿಡಿಯುತ್ತದೆ, ನಿಂತ ಮೇಲೆ ಎಷ್ಟು ಹೊತ್ತಿಗೆ ಬಿಡುತ್ತದೆ, ಆಗ ಪಾದ ತಣ್ಣಗಾಗುತ್ತದಾ, ಜೋಮು ಹಿಡಿಯುತ್ತದಾ, ಇಷ್ಟನ್ನೂ ಹೇಳಿ.