ಲಿನಕ್ಸ್‌ಗೆ ಹೊಂದುವ ಲ್ಯಾಪ್‌ಟಾಪ್: ಜಾಹೀರಾತಿನಲ್ಲಿ ಕಾಣದ ಚಿಪ್‌ಗಳು

ಲ್ಯಾಪ್‌ಟಾಪ್ ಕೊಳ್ಳುವವರು ಸಾಮಾನ್ಯವಾಗಿ ವಿಚಾರಿಸುವುದು ಪ್ರೊಸೆಸರ್, ರ‍್ಯಾಮ್ ಮತ್ತು ಬೆಲೆಯನ್ನು. ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು, ಅಂದರೆ ಅದರ ಉಬುಂಟು, ಫೆಡೋರಾ, ಡೆಬಿಯನ್ ಮುಂತಾದ ರೂಪಗಳಲ್ಲೊಂದನ್ನು ಹಾಕಿಕೊಳ್ಳಬೇಕೆಂದಿರುವವರಿಗೆ ಇವು ಅಷ್ಟೇನೂ ತೊಡಕಿನ ವಿಷಯಗಳಲ್ಲ. ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಇರುವ ಬಹುತೇಕ ಯಂತ್ರಗಳಲ್ಲಿ ಲಿನಕ್ಸ್ ಆರಂಭವಾಗಿಯೇ ಆಗುತ್ತದೆ. ತಕರಾರು ಹುಟ್ಟುವುದು ವೈ-ಫೈ, ಕ್ಯಾಮೆರಾ, ಬೆರಳಚ್ಚು ಓದುವ ಸೆನ್ಸರ್ ಇವುಗಳ ಹಿಂದಿರುವ ಸಣ್ಣ ಚಿಪ್‌ಗಳಿಂದ.

ಇಂತಹ ಪ್ರತಿಯೊಂದು ಚಿಪ್ಪಿಗೂ ಡ್ರೈವರ್ ಎಂಬ ತಂತ್ರಾಂಶ ಬೇಕು. ವಿಂಡೋಸ್‌ಗೆ ಅದನ್ನು ತಯಾರಕರೇ ಬರೆದುಕೊಡುತ್ತಾರೆ. ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರ್‌ಗಳು ಅದರ ತಿರುಳಾದ ಕರ್ನಲ್ಲಿನ ಭಾಗವಾಗಿಯೇ ಬರುವುದರಿಂದ, ತಯಾರಕರು ಕೋಡನ್ನೋ ತಾಂತ್ರಿಕ ವಿವರವನ್ನೋ ಕೊಟ್ಟಿದ್ದರೆ ಆ ಚಿಪ್ ಮೊದಲ ದಿನದಿಂದಲೇ ಕೆಲಸ ಮಾಡುತ್ತದೆ. ಕೊಡದಿದ್ದರೆ ಸ್ವಯಂಸೇವಕರು ಅದರ ವರ್ತನೆಯನ್ನು ಗಮನಿಸಿ ಊಹಿಸುತ್ತಾ ಬರೆಯಬೇಕಾಗುತ್ತದೆ. ಇಂಟೆಲ್ ತನ್ನ ವೈ-ಫೈ ಡ್ರೈವರನ್ನು ಕರ್ನಲ್ಲಿಗೇ ಕೊಡುತ್ತಾ ಬಂದಿದೆ. ಬ್ರಾಡ್‌ಕಾಮ್‌ನ ಕೆಲವು ಚಿಪ್‌ಗಳಿಗೆ ಮುಚ್ಚಿದ (ಕೋಡನ್ನು ಬಹಿರಂಗಪಡಿಸದ) ಡ್ರೈವರನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕು, ಅದಕ್ಕೆ ಅಂತರ್ಜಾಲ ಬೇಕು, ಅಂತರ್ಜಾಲಕ್ಕೆ ವೈ-ಫೈ ಬೇಕು! ಕೊನೆಗೆ ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಜೋಡಿಸಿ ಪಾರಾಗಬೇಕಾಗುತ್ತದೆ.

ಗ್ರಾಫಿಕ್ಸ್ ವಿಚಾರದಲ್ಲಿ ಎಎಂಡಿಯ ಈಗಿನ ಡ್ರೈವರ್ 2015ರಿಂದ ಕರ್ನಲ್ಲಿನಲ್ಲಿಯೇ ಇದೆ. ಎನ್‌ವಿಡಿಯಾ 2022ರಲ್ಲಿ ಕರ್ನಲ್ ಭಾಗದ ಕೋಡನ್ನು ಮುಕ್ತಗೊಳಿಸಿತಾದರೂ ಉಳಿದ ಭಾಗವನ್ನು ಮುಚ್ಚಿಯೇ ಇಟ್ಟಿದೆ. ಗೇಮ್ ಅಥವಾ ಮಷಿನ್ ಲರ್ನಿಂಗ್ ಕೆಲಸವಿಲ್ಲದವರಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡವೆಂದೇ ನನ್ನ ಅಭಿಪ್ರಾಯ.

ಕ್ಯಾಮೆರಾದ್ದು ಇನ್ನೂ ಸೂಕ್ಷ್ಮ. ಯುಎಸ್‌ಬಿ ಮೂಲಕ ಜೋಡಣೆಯಾದ ಕ್ಯಾಮೆರಾಗಳೆಲ್ಲ ಸಾಮಾನ್ಯವಾಗಿ ಒಂದೇ ಮಾನಕವನ್ನು ಪಾಲಿಸುವುದರಿಂದ ತೊಂದರೆ ಕೊಡುವುದಿಲ್ಲ. ಆದರೆ ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಸೆನ್ಸರ್ ಕಳಿಸುವ ಕಚ್ಚಾ ಚಿತ್ರವನ್ನು ಇಂಟೆಲ್ ಪ್ರೊಸೆಸರಿನೊಳಗಿನ ಐಪಿಯು6 ಘಟಕ ಸಂಸ್ಕರಿಸುತ್ತದೆ. ಇದಕ್ಕೆ ಬೇಕಾದ ತಂತ್ರಾಂಶದ ಒಂದು ಭಾಗ ಮುಚ್ಚಿದ್ದರಿಂದ, ದುಬಾರಿ ಯಂತ್ರಗಳಲ್ಲಿಯೂ ಕ್ಯಾಮೆರಾ ಬಹುಕಾಲ ಕುರುಡಾಗಿಯೇ ಉಳಿದಿತ್ತು.

ಇದನ್ನೆಲ್ಲ ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಲಿನಕ್ಸ್ ತುಂಬಿದ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಆರಂಭಿಸಿ, ಇನ್‌ಸ್ಟಾಲ್ ಮಾಡದೆ ಬಳಸಿ ನೋಡಿದರೆ ಡಿಸ್ಕ್‌ನಲ್ಲಿರುವುದು ಹಾಗೆಯೇ ಉಳಿಯುತ್ತದೆ. ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ) lspci -nn ಎಂದು ಟೈಪಿಸಿ ಪಿಸಿಐ ಸಾಧನಗಳ, ಅಂದರೆ ಯಂತ್ರದೊಳಗೇ ಜೋಡಣೆಯಾದ ಚಿಪ್‌ಗಳ, ಪಟ್ಟಿ ತೆಗೆದರೆ ಪ್ರತಿ ಚಿಪ್ಪಿನ ಮುಂದೆ ತಯಾರಕರ ಸಂಖ್ಯೆ ಕಾಣುತ್ತದೆ: ಎಎಂಡಿ ಗ್ರಾಫಿಕ್ಸ್ ಆದರೆ 1002, ಇಂಟೆಲ್ ಆದರೆ 8086. (ಇಂಟೆಲ್ 1978ರಲ್ಲಿ ತಂದ ಪ್ರೊಸೆಸರಿನ ಹೆಸರೂ 8086.) ಪಟ್ಟಿಯಲ್ಲಿ ಎಸ್‌ಎಸ್‌ಡಿಯೇ ಕಾಣದಿದ್ದರೆ ಗಾಬರಿ ಬೇಡ, ಬಯಾಸ್‌ನಲ್ಲಿ (ಯಂತ್ರ ಆರಂಭವಾಗುವಾಗ ತೆರೆಯಬಹುದಾದ ಸೆಟ್ಟಿಂಗ್‌ಗಳಲ್ಲಿ) ಡಿಸ್ಕ್‌ಗಳನ್ನು ನಿರ್ವಹಿಸುವ ಇಂಟೆಲ್‌ನ ರೇಡ್ ವ್ಯವಸ್ಥೆ ಚಾಲೂ ಇರಬಹುದು, ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ವಿಧಾನಕ್ಕೆ ಬದಲಿಸಿದರೆ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ. ಆದರೆ ಹಾಗೆ ಬದಲಿಸಿದರೆ ಮೊದಲೇ ಇರುವ ವಿಂಡೋಸ್ ಆರಂಭವಾಗದೆ ಹೋಗಬಹುದಾದ್ದರಿಂದ ಅಂಗಡಿಯವರನ್ನು ಕೇಳದೆ ಕೈ ಹಾಕಬಾರದು. ಮುಚ್ಚಳ ಮುಚ್ಚಿ ಸ್ವಲ್ಪ ಹೊತ್ತಿನ ಮೇಲೆ ತೆರೆದು, ಯಂತ್ರ ಸರಿಯಾಗಿ ಎಚ್ಚರಗೊಳ್ಳುತ್ತದೆಯೇ ಎಂದು ನೋಡುವುದನ್ನು ಮಾತ್ರ ಮರೆಯಬಾರದು.

ನಮ್ಮಲ್ಲಿ ‘ಡಾಸ್’ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆ ಹಾಕಿ ಕಡಿಮೆ ಬೆಲೆಗೆ ಮಾರುವ ಲ್ಯಾಪ್‌ಟಾಪ್‌ಗಳಿವೆ. ವಿಂಡೋಸ್ ಇಲ್ಲವೆಂದ ಮಾತ್ರಕ್ಕೆ ಅವು ಲಿನಕ್ಸ್‌ಗೆ ಹೊಂದುತ್ತವೆ ಎಂದೇನಿಲ್ಲ. ಈಗಷ್ಟೇ ಬಿಡುಗಡೆಯಾದ ಮಾದರಿಗಿಂತ, ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್‌ನಂತಹ ಯಂತ್ರ ಎಷ್ಟೋ ಬಾರಿ ಮೇಲು, ಏಕೆಂದರೆ ಅದರ ಚಿಪ್‌ಗಳಿಗೆ ಬೇಕಾದ ಡ್ರೈವರ್‌ಗಳು ಅಷ್ಟು ಹೊತ್ತಿಗೆ ಕರ್ನಲ್ ಸೇರಿ ಪಳಗಿರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂತಹದನ್ನು ಕೊಳ್ಳುವಾಗ ಬ್ಯಾಟರಿಯ ಸ್ಥಿತಿಯನ್ನೂ ಅದೇ ಪೆನ್‌ಡ್ರೈವ್‌ನಿಂದ ನೋಡಿಬಿಡಬಹುದು.